ಚೂರಿ ಇಲ್ಲದ ಹಾವು

“ಗೋರಿ ಗೋಡೇಲಿ ಬರೆದ ಹಾವಿಗೆ ಚೂರಿನೂ ಬರೆದೆ ತಾನೆ?” ಎಂದು ಹುನೇರೊ ತಮ್ಮನನ್ನು ಕೇಳಿದಳು.

ಏನೋ ನೆನಪಾಗಿ ಕೇಳಿದ್ದಷ್ಟೆ. ಅವಳ ಎರಡೂ ಕೈ ಹಿಟ್ಟಿನಲ್ಲಿದ್ದವು. ಮಾರನೆಯ ದಿನ ಅಪ್ಪನನ್ನು ಮಣ್ಣು ಮಾಡುವುದಿತ್ತು, ಬಂದವರಿಗೆಲ್ಲ ರೊಟ್ಟಿ ಆಗಬೇಕಿತ್ತು. ಇಪೂಯಿ ಒಲೆಯ ಮುಂದೆ ಬೆರಣಿ ಮುರಿಯುತ್ತ ಕೂತ. ಒಂಬತ್ತು ವರ್ಷದ ಹುಡುಗ ಸುಮ್ಮನಾದನೆಂದರೆ ಏನೋ ಎಡವಟ್ಟು ಮಾಡಿದ್ದಾನೆಂದೇ ಅರ್ಥ.

“ನಿನ್ನನ್ನೇ ಕಣೋ. ಕಿವಿ ಬಿದ್ದೋಗಿದೆಯಾ?”

“ಅದು ಹಾವಲ್ಲ ಅಕ್ಕ. ನಮ್ಮ ಶಿಖರದ ತಾಯಿ. ತಾಯಿ ಕುತ್ತಿಗೆಗೆ ಯಾರಾದ್ರೂ ಚೂರಿ ಹಾಕ್ತಾರಾ?”

“ಪಕ್ಕದಲ್ಲಿ ತಾಯಿ ಹೆಸರಾದ್ರೂ ಬರೆದಿದ್ದೀಯ?”

“ಇಲ್ಲ. ತಾಯಿಗೆ ಮೌನ ಇಷ್ಟ ಅಂತ ನೀನೇ ಹೇಳ್ತಿದ್ದೆಯಲ್ಲ.”

ಹುನೇರೊ ಹಿಟ್ಟಿನಿಂದ ಕೈ ಕಿತ್ತುಕೊಂಡಳು. ಅವಳಿಗೆ ಹದಿಮೂರು. ನಾನು ಪಕ್ಕದ ಮನೆಯವಳು. ಇದನ್ನೆಲ್ಲ ಆಮೇಲೆ ಅವಳೇ ನನ್ನ ಹತ್ತಿರ ಹೇಳಿಕೊಂಡದ್ದು. ಸುಳ್ಳು ಹೇಳುವ ಹುಡುಗಿಯಲ್ಲ. ನಮ್ಮೂರಿಗೆ ಸತ್ಯದ ಠಾವು ಎಂದು ಹೆಸರಿಟ್ಟವರು ಯಾರೋ ಕಾಣೆ, ಊರು ತುಂಬ ಸುಳ್ಳರೇ. ಇವಳೊಬ್ಬಳು ಹೆಸರು ಉಳಿಸಿದ್ದಾಳೆ.

ಬೆಟ್ಟದ ಆಚೆಯ ಕಣಿವೆಯಲ್ಲಿ ನಮ್ಮ ದೊರೆಗಳಾದ ಫೇರೋಗಳಿಗೆ ಗೋರಿ ಕೊರೆಯುವುದು, ಅದರ ಗೋಡೆಗೆ ಚಿತ್ರ ಬರೆಯುವುದು ನಮ್ಮ ಗಂಡಸರ ಕಸುಬು. ಗೋರಿಯೊಳಗೆ ಬರೆದದ್ದೆಲ್ಲ ಜೀವ ತಳೆಯುತ್ತದೆ. ರೊಟ್ಟಿ ಬರೆದರೆ ಸತ್ತವನಿಗೆ ರೊಟ್ಟಿ, ಹೆಂಡದ ಮಡಕೆ ಬರೆದರೆ ಹೆಂಡ. ಹಾಗೆಯೇ ಹಾವು ಬರೆದರೆ ಹಾವು. ಅದಕ್ಕೇ ಹಾವು ಬರೆಯಬೇಕಾಗಿ ಬಂದರೆ ಕುತ್ತಿಗೆಗೆ ಚೂರಿ ಚುಚ್ಚಿರುವಂತೆ ಬರೆಯುತ್ತಾರೆ, ಇಲ್ಲವೇ ಎರಡು ತುಂಡಾಗಿ ಬರೆಯುತ್ತಾರೆ. ನಮ್ಮ ಶಿಖರದ ತಾಯಿಯಂಥ ಹಾವಿನ ರೂಪದ ದೇವತೆಯಾದರೆ ಪಕ್ಕದಲ್ಲಿ ಹೆಸರು ಹಾಕುತ್ತಾರೆ. ಚೂರಿಯೂ ಇಲ್ಲ, ಹೆಸರೂ ಇಲ್ಲ ಅಂದರೆ ಅದು ಬಾಗಿಲು ತೆರೆದಿಟ್ಟ ಮನೆ, ಯಾರು ಬೇಕಾದರೂ ನುಗ್ಗಬಹುದು. ನುಗ್ಗಲು ಕಾದು ಕೂತಿರುವವನು ಯಾರೆಂದು ನಮ್ಮ ಕೂಸುಗಳಿಗೂ ಗೊತ್ತು. ದಿನಾ ಸೂರ್ಯನನ್ನೇ ನುಂಗಲು ಬಾಯಿ ತೆರೆಯುವ ಮಹಾಸರ್ಪ ಆಪೆಪ್. ಅವನು ನುಂಗಿದ ಸತ್ತವನಿಗೆ ಎರಡನೆಯ ಸಾವು. ಅಲ್ಲಿಂದಾಚೆ ಆ ಸತ್ತವನು ಎಲ್ಲೂ ಇಲ್ಲ.

ಅಪ್ಪ ನೆಬ್ರೆ ಊರಿನ ಒಳ್ಳೆಯ ಚಿತ್ರಗಾರ. ಕಲ್ಲಿನ ಧೂಳು ಕುಡಿದು ಕುಡಿದು ಎದೆ ಕೆಟ್ಟಿತ್ತು, ಕೊನೆಯ ತಿಂಗಳುಗಳಲ್ಲಿ ಕೆಮ್ಮು ಬಿಟ್ಟರೆ ಗಂಟಲಿಂದ ಬೇರೆ ಸದ್ದು ಹೊರಡುತ್ತಿರಲಿಲ್ಲ. ಗಂಟಲಿದ್ದಾಗ ಮಾತ್ರ ಮಗನಿಗೆ ಬೈದದ್ದೇ ಬೈದದ್ದು. ಹುಡುಗ ಕೆಮ್ಮಣ್ಣಿನಲ್ಲಿ ಗೆರೆ ಎಳೆಯುವುದು, ಅಪ್ಪ ಅದರ ಮೇಲೆ ಕಪ್ಪಿನಲ್ಲಿ ತಿದ್ದುವುದು. ಒಂದೇ ಒಂದು ಕೆಂಪು ಗೆರೆಯನ್ನೂ ಆತ ಹಾಗೇ ಬಿಟ್ಟದ್ದಿಲ್ಲ. ಶಹಭಾಸ್ ಎಂದದ್ದನ್ನಂತೂ ಗೋಡೆಗೆ ಗೋಡೆ ಅಂಟಿಕೊಂಡ ಮನೆಯಲ್ಲಿದ್ದ ನಾನೇ ಕೇಳಿಲ್ಲ. ಆತ ಸತ್ತ ಮೇಲೆ ಆತನ ಗೋರಿಯಲ್ಲಿ, ಸತ್ತವರು ಆಚೆ ಲೋಕಕ್ಕೆ ದಾಟುವ ಪಶ್ಚಿಮದ ಬಾಗಿಲ ಪಕ್ಕ ಒಂದಿಷ್ಟು ಗೋಡೆ ಖಾಲಿ ಉಳಿದಿತ್ತು. ಅಲ್ಲಿ ಅಪ್ಪನಿಗೆ ಕಾವಲಿರಲೆಂದು ಹುಡುಗ ಶಿಖರದ ತಾಯಿಯನ್ನು ಬರೆದಿದ್ದ. ತಿದ್ದುವವರು ಇರಲಿಲ್ಲ.

ಆವತ್ತು ಊರಲ್ಲಿ ಗಂಡಸರೂ ಇರಲಿಲ್ಲ. ಎಲ್ಲರೂ ಕಣಿವೆಯ ಕೆಲಸಕ್ಕೆ ಹೋಗಿದ್ದರು, ಮಾರನೆಯ ಬೆಳಿಗ್ಗೆ ಮಣ್ಣಿಗೆ ಬರುವವರು. ಉಪ್ಪು ಹಾಕಿ ಬಟ್ಟೆ ಸುತ್ತಿದ ಅಪ್ಪನ ದೇಹ ಪೆಟ್ಟಿಗೆಯಲ್ಲಿ ಆಗಲೇ ಬಂದು ಗೋರಿಯ ಮೇಲಿನ ಕೋಣೆಯಲ್ಲಿತ್ತು. ಮಕ್ಕಳ ಅವ್ವ ಮೆರ್ತ್ ಬೀದಿಯಲ್ಲಿ ಅಳುವ ಹೆಂಗಸರ ನಡುವೆ ತಲೆಗೆ ಮಣ್ಣು ಸುರಿದುಕೊಂಡು ಕೂತಿದ್ದಳು. ಅವಳಿಗೆ ಇದನ್ನು ಹೇಳುವುದು ಹೇಗೆ?

“ಎದ್ದೇಳು. ಕುಂಚ ತಗೋ, ಕೆಮ್ಮಣ್ಣು ತಗೋ. ಹೋಗಿ ಹೆಸರು ಬರೆದು ಬರೋಣ,” ಎಂದಳು ಹುನೇರೊ.

“ನೀನೂ ಬರ್ತೀಯ?”

“ಇಲ್ಲ, ನಿನ್ನನ್ನ ಒಬ್ಬನೇ ಕಳಿಸಿ ನಾನಿಲ್ಲಿ ರೊಟ್ಟಿ ಬಡೀತೀನಿ. ನಡಿಯೋ.”

ನಡುಮಧ್ಯಾಹ್ನ. ಅಪ್ಪನ ಗೋರಿಯಿದ್ದದ್ದು ಊರಿನ ಬೆನ್ನಿಗಿರುವ ಬೆಟ್ಟದಲ್ಲೇ, ಅದರ ಬಿಳಿ ಕಲ್ಲು ಕಣ್ಣು ಕುಕ್ಕುತ್ತಿತ್ತು. ಮೇಲಿನ ಕೋಣೆಯಲ್ಲಿ ಅಪ್ಪನ ಪೆಟ್ಟಿಗೆಗೆ ಕೈ ಮುಗಿದು ಮಕ್ಕಳು ಹಣತೆ ಹಚ್ಚಿಕೊಂಡು ಬಾವಿಯಂಥ ಗುಂಡಿಯಲ್ಲಿ ಇಳಿದರು. ಕಾಲಿಡಲು ಗೋಡೆಯಲ್ಲಿ ಕಡಿದ ಗೂಡುಗಳಿದ್ದವು. ಕೆಳಗಿಳಿದಂತೆ ಊರ ಕಡೆಯಿಂದ ಬರುತ್ತಿದ್ದ ಅಳುವ ಹೆಂಗಸರ ಸದ್ದು ಸಣ್ಣಗಾಗುತ್ತ ಹೋಗಿ ನಿಂತೇಹೋಯಿತು. ಹುನೇರೊಗೆ ತನ್ನ ಉಸಿರು ತನಗೇ ಕೇಳಿಸತೊಡಗಿತು.

ಇಪೂಯಿ ಹಣತೆ ಎತ್ತಿ ಹಿಡಿದ. ಗೋಡೆ ಖಾಲಿ ಇತ್ತು.

“ಇಲ್ಲೇ ಬರೆದಿದ್ದೆ ಅಕ್ಕ.”

“ಬೇರೆ ಗೋಡೆ ಇರಬೇಕು ಕಣೋ.”

“ಇಲ್ಲೇ. ಬಾಗಿಲ ಪಕ್ಕ. ನೋಡು, ನಾನು ಕುಂಚ ಒರೆಸಿದ ಗುರುತು.”

ಗುರುತು ಇತ್ತು. ಹಾವು ಇರಲಿಲ್ಲ. ಹುನೇರೊ ದೀಪ ಕಿತ್ತುಕೊಂಡು ಸುತ್ತ ತಿರುಗಿಸಿದಳು. ಬಲಗೋಡೆಯಲ್ಲಿ ಅಪ್ಪ ಬರೆದಿಟ್ಟ ರೊಟ್ಟಿಯ ಸಾಲಿತ್ತಲ್ಲ, ಅದರಲ್ಲಿ ಅರ್ಧ ಮಾಯವಾಗಿತ್ತು. ಬಾತುಕೋಳಿಗಳೂ ಇರಲಿಲ್ಲ. ಯಾರೋ ಬಾಯಿ ಹಾಕಿ ತಿಂದಂತೆ ಸುಣ್ಣ ಬರಿದಾಗಿತ್ತು. ಆಮೇಲೆ ಚಾವಣಿಯಿಂದ ಸರಸರ ಎಂದು ಸದ್ದು ಬಂತು, ಒಣ ಬಣ್ಣ ಸುಣ್ಣಕ್ಕೆ ಉಜ್ಜುವ ಸದ್ದು. ಇಬ್ಬರೂ ತಲೆಯೆತ್ತಿ ನೋಡಿದರು. ಕೆಂಪು ಗೆರೆಯೊಂದು ಚಾವಣಿಯ ತುಂಬ ಸುತ್ತಿ ಸುತ್ತಿ ಮಲಗಿತ್ತು. ಹುಡುಗ ಬರೆದದ್ದು ಮೊಳದುದ್ದದ ಹಾವು. ಇದು ಕೋಣೆಗಿಂತ ದೊಡ್ಡದಾಗಿತ್ತು.

ಹುನೇರೊ ತಮ್ಮನ ರಟ್ಟೆ ಹಿಡಿದು ಗುಂಡಿಯ ಕಡೆಗೆ ಓಡಿದಳು. ಹತ್ತುವ ಗೂಡಿಗೆ ಕೈ ಹಾಕಿದವಳು ಹಾಗೇ ನಿಂತಳು. ಮೇಲಿನಿಂದ ಯಾರೋ ಇಳಿದು ಬರುತ್ತಿದ್ದರು. ಮೊದಲು ಕಾಣಿಸಿದ್ದು ಕಪ್ಪು ಕಾಲು, ಆಮೇಲೆ ಕಪ್ಪು ಮೈ, ಆಮೇಲೆ ಚೂಪು ಕಿವಿ, ನರಿಯ ಮೋರೆ. ಸತ್ತವರನ್ನು ಕೈ ಹಿಡಿದು ಕರೆದೊಯ್ಯುವ ಅನೂಬಿಸ್. ಅವನ ಹಿಂದೆ, ಮೈಗೆಲ್ಲ ಬಟ್ಟೆ ಸುತ್ತಿದ, ಮುಖಕ್ಕೆ ಬಣ್ಣದ ಮುಖವಾಡ ಹಾಕಿದ ಒಂದು ಆಕಾರ ಕಾಲಿಡದೆ ಇಳಿದು ಬಂದು ನಿಂತಿತು. ಮುಖವಾಡ ನಗುತ್ತಿತ್ತು. ಮುಖವಾಡಗಳೆಲ್ಲ ನಗುತ್ತಲೇ ಇರುತ್ತವೆ.

ಇಪೂಯಿಯ ಹಲ್ಲು ಕಟಕಟ ಎನ್ನುತ್ತಿತ್ತು. ಹುನೇರೊ ಅವನನ್ನು ಬೆನ್ನ ಹಿಂದೆ ತಳ್ಳಿಕೊಂಡಳು.

ಅನೂಬಿಸ್ ಗಾಳಿ ಮೂಸಿದ. “ಜೀವ ಇರೋರು,” ಎಂದ. “ಇಲ್ಲೇನು ಕೆಲಸ ನಿಮಗೆ?”

“ನಾವು ನೆಬ್ರೆ ಮಕ್ಕಳು, ಸ್ವಾಮಿ,” ಎಂದಳು ಹುನೇರೊ.

“ನೆಬ್ರೆ ಇವನೇ. ನಾಳೆ ಪಯಣ. ದಾರಿ ನೋಡಿಕೊಂಡು ಹೋಗೋಣ ಅಂತ ಕರ್ಕೊಂಡು ಬಂದೆ.” ಅವನು ತಲೆಯೆತ್ತಿ ಚಾವಣಿ ನೋಡಿದ. ಅವನ ಕಿವಿಗಳು ಹಿಂದಕ್ಕೆ ಮಡಿಚಿಕೊಂಡವು. ಬೆದರಿದ ನಾಯಿಯ ಕಿವಿ ಹೀಗೇ ಮಡಿಚಿಕೊಳ್ಳುವುದು. ದೇವರು ಹೆದರಿದ್ದನ್ನು ಕಂಡು ಹುನೇರೊಗೆ ಉಳಿದಿದ್ದ ಧೈರ್ಯವೂ ಸೋರಿಹೋಯಿತು. “ಇದನ್ನ ಬರೆದ ಕೈ ಯಾವುದು?” ಎಂದು ಅವನು ಕೇಳಿದ.

ಇಪೂಯಿ ಅಕ್ಕನ ಬೆನ್ನ ಹಿಂದಿನಿಂದ ಕೈ ಚಾಚಿ ತೋರಿಸಿದ. ಕೆಮ್ಮಣ್ಣು ಹತ್ತಿದ ಪುಟ್ಟ ಕೈ.

“ಹಾಗಾದ್ರೆ ನೀನೇ ಕತ್ತರಿಸಬೇಕು. ನನ್ನ ಕೈಲಿ ಆಗಲ್ಲ. ನಾವೆಲ್ಲ ನೀವು ಬರೆದ ಹಾಗೆ ನಡೆಯೋರು.”

“ಅದು ನಮ್ಮ ಶಿಖರದ ತಾಯಿನೇ ಆಗಿದ್ರೆ?” ಎಂದ ಇಪೂಯಿ.

“ಆಗಿದ್ರೆ ನಿನ್ನ ಕಣ್ಣು ಹೋಗುತ್ತೆ. ಅಲ್ಲದೆ ಇದ್ರೆ ನಿಮ್ಮಪ್ಪ ಹೋಗ್ತಾನೆ. ಹೆಸರಿಲ್ಲದ ಮೈಯಲ್ಲಿ ಯಾರಿದಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು?”

ನಮ್ಮೂರಲ್ಲಿ ಶಿಖರದ ತಾಯಿಯ ಮೇಲೆ ಸುಳ್ಳಾಣೆ ಇಟ್ಟು ಕಣ್ಣು ಕಳೆದುಕೊಂಡ ಕಲ್ಲುಕುಟಿಗನೊಬ್ಬ ಹಗಲಲ್ಲೇ ಕತ್ತಲು ನೋಡುತ್ತ ಬೀದಿಯಲ್ಲಿ ಗೋಡೆ ಸವರಿಕೊಂಡು ಓಡಾಡುತ್ತಿದ್ದ. ಮಕ್ಕಳಿಬ್ಬರೂ ಅವನಿಗೆ ನೀರು ಕೊಟ್ಟವರೇ. ಹೆಸರು ಬರೆದು ಬಿಡೋಣವೆಂದರೆ, ಒಳಗೆ ಆಪೆಪ್ ಕೂತಿದ್ದು ತಾಯಿಯ ಹೆಸರು ಹಾಕಿಬಿಟ್ಟರೆ ಅದಕ್ಕಿಂತ ದೊಡ್ಡ ಪಾಪವುಂಟೇ? ಹುನೇರೊ ಯೋಚಿಸುತ್ತಿರುವಾಗಲೇ ಚಾವಣಿಯ ಗೆರೆ ಸಡಿಲವಾಗಿ ಗೋಡೆಗುಂಟ ಇಳಿಯಿತು. ತಲೆ ನೇರ ಪಶ್ಚಿಮದ ಬಾಗಿಲಿಗೆ ಹೋಗಿ ಅಡ್ಡ ಮಲಗಿತು. ಬಾಲ ಬಟ್ಟೆ ಸುತ್ತಿದ ಆಕಾರದ ಕಾಲ ಬಳಿ ಗೋಡೆ ಬಿಟ್ಟು ನೆಲಕ್ಕೂ ಹರಿಯಿತು.

“ನಾನೇ ಕತ್ತರಿಸ್ತೀನಿ, ಕೊಡು,” ಎಂದು ಹುನೇರೊ ತಮ್ಮನ ಕೈಯಿಂದ ಕುಂಚ ಕಿತ್ತುಕೊಂಡಳು. ಕಣ್ಣು ಹೋದರೆ ತನ್ನದು ಹೋಗಲಿ ಎಂದು. ಕೆಮ್ಮಣ್ಣಿಗೆ ನೀರು ತಂದಿರಲಿಲ್ಲ. ಉಗಿದು ಕಲಸೋಣವೆಂದರೆ ಹೆದರಿಕೆಗೆ ಬಾಯಿ ಒಣಗಿತ್ತು. ಕೊನೆಗೆ ಕೆನ್ನೆಯ ಮೇಲಿನ ಕಣ್ಣೀರು ಒರೆಸಿ ಅದರಲ್ಲೇ ಕಲಸಿದಳು. ಹಾವಿನ ಮೇಲೆ ಒಂದು ಚೂರಿ ಎಳೆದಳು. ಅವಳ ಚೂರಿಯ ಗೆರೆ ಉದುರಿ ಬಿತ್ತು, ಅಲ್ಲಿ ಏನೂ ಬರೆದೇ ಇಲ್ಲವೆಂಬಂತೆ.

“ಹೇಳಿದ್ನಲ್ಲ. ಬರೆದ ಕೈನೇ ಬೇಕು,” ಎಂದ ಅನೂಬಿಸ್.

ಇಪೂಯಿ ಕುಂಚ ತೆಗೆದುಕೊಂಡ. ನಡುಗುವ ಕೈ ಬರೆದ ಚೂರಿ ಮೊಂಡಾಗುತ್ತದೆ. ಅವನು ಎಳೆದದ್ದು ಸೊಟ್ಟಗೆ ಹೋಯಿತು, ಹಾವಿನ ಮೈಗೆ ತಾಗಿ ಜಾರಿತು. ಹಾವು ತಲೆಯೆತ್ತಿ ಅವನ ಕಡೆ ತಿರುಗಿತು. ಆಗ ಅದು ಬಾಯಿ ತೆರೆಯಿತು.

“ಇಲಿಮರೀ,” ಎಂದಿತು.

ಅಪ್ಪನ ದನಿ. ಕೆಮ್ಮಿಲ್ಲದ, ಕಾಯಿಲೆಗೆ ಮುಂಚಿನ, ತುಂಬು ದನಿ. ಮಗನನ್ನು ಇಲಿಮರಿ ಎಂದು ಕರೆಯುತ್ತಿದ್ದವನು ಲೋಕದಲ್ಲಿ ಅವನೊಬ್ಬನೇ.

“ಬಾರೋ ಇಲಿಮರಿ. ಯಾಕೋ ಹಂಗೆ ನಡುಗ್ತೀಯ? ನಾನು ಕಣೋ.”

ಹುನೇರೊ ಕಿವಿ ಮುಚ್ಚಿಕೊಂಡಳು. ಅವಳಿಗೂ ಓಡಿಹೋಗಿ ಆ ದನಿಯನ್ನು ತಬ್ಬಿಕೊಳ್ಳಬೇಕೆನಿಸಿತು. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು. “ತಾಯಿ ಮಾತಾಡಲ್ಲ ಕಣೋ,” ಎಂದು ಕೂಗಿದಳು. “ಇದು ತಾಯಿ ಅಲ್ಲ. ಕಣ್ಣು ಹೋಗಲ್ಲ. ಬರಿ, ಬೇಗ ಬರಿ.”

“ತಾಯಿ ಅಲ್ಲ ಸರಿ,” ಎಂದ ಇಪೂಯಿ. ಅವನು ಹಾವಿನ ಬಾಯಿಯನ್ನೇ ನೋಡುತ್ತಿದ್ದ. “ಅಪ್ಪ ಅಲ್ಲ ಅಂತ ಯಾರು ಹೇಳಿದ್ದು?”

“ಅಪ್ಪ ಅಲ್ಲಿ ನಿಂತಿದಾನಲ್ಲೋ.”

“ಅದು ಬಟ್ಟೆ. ಅದು ಮಾತೇ ಆಡಲ್ಲ. ಮಾತಾಡ್ತಿರೋದು ಇದು.”

ಹುನೇರೊ ಅನೂಬಿಸ್ ಕಡೆ ತಿರುಗಿದಳು. “ನೀವು ಹೇಳಿ ಸ್ವಾಮಿ. ಅಪ್ಪನಿಗೆ ಮಾತಾಡೋಕೆ ಹೇಳಿ.”

“ಬಾಯಿ ತೆರೆಸೋ ಶಾಸ್ತ್ರ ನಾಳೆ ಇರೋದು. ಅಲ್ಲೀವರೆಗೂ ಇವನಿಗೆ ಬಾಯಿಲ್ಲ,” ಎಂದ ಅನೂಬಿಸ್. “ನಾನು ಹೇಳಿದ್ರೆ ನಿನ್ನ ತಮ್ಮ ನಂಬ್ತಾನಾ, ಕೇಳು.”

ಇಪೂಯಿ ನಂಬುವ ಸ್ಥಿತಿಯಲ್ಲಿರಲಿಲ್ಲ. ಅವನು ಒಂದು ಹೆಜ್ಜೆ ಮುಂದೆ ಹೋಗಿದ್ದ. ಹಾವಿನ ನಾಲಿಗೆ ಅವನ ಮೂಗಿನ ಮುಂದೆಯೇ ಆಡುತ್ತಿತ್ತು. ಅತ್ತ ಅದರ ಬಾಲ ಬಟ್ಟೆಯ ಆಕಾರವನ್ನು ಸೊಂಟದವರೆಗೆ ಸುತ್ತಿ ಬಿಗಿಯುತ್ತಿತ್ತು, ಬಟ್ಟೆಯೊಳಗೆ ಏನೋ ಲಟಕ್ಕೆಂದಿತು. ಹುನೇರೊ ಹೋಗಿ ಎರಡೂ ಕೈಯಿಂದ ಬಾಲ ಹಿಡಿದು ಎಳೆದಳು. ಹಿಡಿಯಲು ಅಲ್ಲಿ ಏನೂ ಇರಲಿಲ್ಲ, ಬೆರಳಿಗೆ ಬರೀ ಕೆಂಪು ಬಣ್ಣ ಅಂಟಿತು.

“ಅಪ್ಪಾ,” ಎಂದ ಇಪೂಯಿ ಹಾವಿಗೆ. “ನಾನು ಬರೆದಿದ್ದು ಹೆಂಗಿದೆ?”

“ಎಷ್ಟು ಚೆನ್ನಾಗಿದೆ ಗೊತ್ತಾ,” ಎಂದಿತು ಅಪ್ಪನ ದನಿ. “ತಲೆಯಿಂದ ಬಾಲದ ತನಕ ಒಂದೇ ಸಮ. ನನ್ನ ಕೈಯಲ್ಲೂ ಇಂಥ ಗೆರೆ ಬರ್ತಿರಲಿಲ್ಲ. ಒಂದು ಕಡೆನೂ ತಪ್ಪಿಲ್ಲ ಮಗಾ.”

ಹುಡುಗ ಹಾವಿನ ತಲೆಯಿಂದ ಬಾಲದವರೆಗೆ ಕಣ್ಣು ಹಾಯಿಸಿದ. ಹಣತೆಯ ಬತ್ತಿ ಚಟಚಟ ಎನ್ನತೊಡಗಿತ್ತು. ಆ ಮಾತಿಗಾಗಿ ಅವನು ಹುಟ್ಟಿದಾಗಿನಿಂದ ಕಾದಿದ್ದ ಎಂಬುದು ಹುನೇರೊಗೆ ಗೊತ್ತು, ನನಗೂ ಗೊತ್ತು. ಹಾಳು ನೆಬ್ರೆ, ಸಾಯುವ ಮುಂಚೆ ಒಂದು ಸಲ ಅಂದಿದ್ದರೆ ಗಂಟೇನು ಹೋಗುತ್ತಿತ್ತು?

“ಬಾಲದ ಹತ್ರ ದಪ್ಪ ಆಗಿದೆ,” ಎಂದ ಇಪೂಯಿ.

“ಇಲ್ಲ ಮಗಾ. ಸರಿಯಾಗೇ ಇದೆ.”

“ಕುಂಚ ಜಾರಿತ್ತು. ಬಾಲದ ಹತ್ರ ದಪ್ಪ ಆಗಿದೆ. ಅಪ್ಪನ ಕಣ್ಣಿಗೆ ಅದು ಬೀಳ್ದೇ ಇರುತ್ತಾ?” ಅವನು ಅಳುತ್ತಿದ್ದ, ಆದರೆ ಕೈ ನಡುಗುವುದು ನಿಂತಿತ್ತು.

ಕುಂಚ ಎತ್ತಿ ಹಾವಿನ ಕುತ್ತಿಗೆಗೆ ನೇರವಾಗಿ ಒಂದು ಚೂರಿ ಬರೆದ. ಚೂರಿ ಒಳಗಿಳಿಯಿತು.

“ನೋವಾಗ್ತಿದೆ ಕಣೋ, ಇಲಿಮರೀ,” ಎಂದಿತು ಅಪ್ಪನ ದನಿ.

ಅವನು ಇನ್ನೊಂದು ಬರೆದ. ದನಿ ಅವನ ಹೆಸರು ಹಿಡಿದು ಬೇಡಿಕೊಂಡಿತು, ಅವ್ವನ ಹೆಸರು ಹೇಳಿತು, ಹುನೇರೊಳನ್ನು ಕರೆಯಿತು. ಅವಳು ನೆಲಕ್ಕೆ ಹಣೆ ಒತ್ತಿ ಕೂತಳು. ಇಪೂಯಿ ತುಟಿ ಕಚ್ಚಿಕೊಂಡು ತಲೆಯಿಂದ ಬಾಲದವರೆಗೆ ಚೂರಿಯ ಪಕ್ಕ ಚೂರಿ ಬರೆಯುತ್ತ ಹೋದ. ಕೊನೆಕೊನೆಗೆ ದನಿ ಮಾತು ಬಿಟ್ಟು ಕೆಮ್ಮತೊಡಗಿತು. ಕೊನೆಯ ತಿಂಗಳುಗಳಲ್ಲಿ ಮನೆ ತುಂಬಿದ್ದ ಅದೇ ಕೆಮ್ಮು. ಹುಡುಗನ ಕುಂಚ ಒಂದು ಕ್ಷಣ ನಿಂತಿತು. ಆಮೇಲೆ ಬಾಲದ ದಪ್ಪ ಗೆರೆಯ ಮೇಲೆ ಕೊನೆಯ ಚೂರಿ ಬರೆದ. ಕೆಮ್ಮು ನಿಂತಿತು. ಕೆಂಪು ಗೆರೆ ತುಂಡು ತುಂಡಾಗಿ ಕುಗ್ಗಿ, ಮೊಳದುದ್ದವಾಗಿ ಹೋಗಿ ತನ್ನ ಜಾಗದಲ್ಲಿ ಅಂಟಿತು.

ಅನೂಬಿಸ್‌ನ ಕಿವಿ ನೆಟ್ಟಗಾದವು. ಅವನು ಪಶ್ಚಿಮದ ಬಾಗಿಲನ್ನು ತಳ್ಳಿ ನೋಡಿದ, ದಾರಿ ತೆರೆದಿತ್ತು. ಬಟ್ಟೆಯ ಆಕಾರವನ್ನು ಮುಟ್ಟಿ ಮೇಲಕ್ಕೆ ಕರೆದೊಯ್ಯಲು ತಿರುಗಿದ. ಆಕಾರ ಮಕ್ಕಳ ಕಡೆ ತಿರುಗಲಿಲ್ಲ. ಸುತ್ತಿದ ಬಟ್ಟೆಯಲ್ಲಿ ತಿರುಗುವುದಾದರೂ ಹೇಗೆ.

“ಸ್ವಾಮಿ,” ಎಂದ ಇಪೂಯಿ. “ನಾನು ಕೊಂದಿದ್ದು ಅಪ್ಪನ್ನಲ್ಲ ತಾನೆ?”

“ನಾಳೆ ಬಾಯಿ ತೆರೆಸೋನು ನೀನೇ ಅಲ್ವಾ. ಅವನನ್ನೇ ಕೇಳು,” ಎಂದು ಅನೂಬಿಸ್ ಕತ್ತಲೆಗೆ ಏರಿಹೋದ.

ಮನೆಗೆ ಬಂದ ಹುಡುಗ ಒಂದು ತುತ್ತು ತಿನ್ನಲಿಲ್ಲ. ನಾನು ಮಾತಾಡಿಸಿದೆ, ಹೆಂಡದಲ್ಲಿ ಖರ್ಜೂರ ಕಲಸಿ ಕೊಟ್ಟೆ, ಮುಟ್ಟಲಿಲ್ಲ. ಅಪ್ಪ ಸತ್ತ ದುಃಖವೆಂದುಕೊಂಡೆ. ಅಕ್ಕನ ಸೆರಗು ಹಿಡಿದುಕೊಂಡೇ ಬೆಳಗು ಮಾಡಿದ. ಹೆದರಿಕೆ ಇನ್ನೂ ಇಳಿದಿರಲಿಲ್ಲ. ಗೋರಿಯಲ್ಲಿದ್ದಾಗ ಹಾವಿನ ಹೆದರಿಕೆ. ಈಗ, ಅಪ್ಪನನ್ನೇ ಕೊಂದಿತೋ ಏನೋ ಎಂದು, ತನ್ನ ಕೈಯದೇ ಹೆದರಿಕೆ.

ಬೆಳಿಗ್ಗೆ ಕಣಿವೆಯಿಂದ ಗಂಡಸರು ಬಂದರು. ಗೋರಿಯ ಅಂಗಳದಲ್ಲಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದರು. ಮೆರ್ತ್ ಅದರ ಕಾಲು ಹಿಡಿದು ಕುಸಿದಳು. ಪೂಜಾರಿ ಇಪೂಯಿಯ ಕೈಗೆ ಮರ ಕೆತ್ತುವ ಬಾಚಿ ಕೊಟ್ಟ. ಮಗನಾದವನು ಅದನ್ನು ಮುಖವಾಡದ ತುಟಿಗೆ ಮುಟ್ಟಿಸಿ ‘ನಿನ್ನ ಬಾಯಿ ತೆರೆದಿದ್ದೇನೆ’ ಎನ್ನಬೇಕು. ಅಲ್ಲಿಂದ ಸತ್ತವನು ಉಣ್ಣಬಲ್ಲ, ಮಾತಾಡಬಲ್ಲ. ಮಾತಾಡುವುದು ದೇವರುಗಳ ಜೊತೆ. ಬದುಕಿರುವವರಿಗೆ ಅದು ಕೇಳಿಸಿದ್ದಿಲ್ಲ, ಆದರೆ ಒಂಬತ್ತು ವರ್ಷದವನಿಗೆ ಅದನ್ನು ಯಾರು ಹೇಳಿದ್ದರು?

ಅವನು ಬಾಚಿ ಮುಟ್ಟಿಸಿದ, ಮಾತು ಹೇಳಿದ. ಹೇಳಿ ಬಾಚಿ ಕೆಳಗಿಡಬೇಕಾದವನು ಪೆಟ್ಟಿಗೆಯ ಮುಖಕ್ಕೆ ಕಿವಿ ಇಟ್ಟು ನಿಂತ.

“ಅಪ್ಪಾ, ಬಾಲದ ಹತ್ರ ದಪ್ಪ ಆಗಿದೆ,” ಎಂದ. “ಬೈಯಪ್ಪ.”

ಪೂಜಾರಿ ಕೆಮ್ಮಿದ. ಹೊರುವ ಗಂಡಸರು ಹಗ್ಗ ಹಿಡಿದು ಕಾದರು. ಹುಡುಗ ಅಲ್ಲಾಡಲಿಲ್ಲ. “ಒಂದ್ಸಲ ಬೈಯಪ್ಪ,” ಎಂದ ಮತ್ತೆ, ಇನ್ನೂ ಮೆತ್ತಗೆ. ಅವನ ಮುಖದ ರಕ್ತ ಇಳಿಯುತ್ತ ಹೋದದ್ದು ನನಗೆ ಕಾಣುತ್ತಿತ್ತು.

ಹುನೇರೊ ಹೆಂಗಸರ ಗುಂಪು ಬಿಟ್ಟು ಮುಂದೆ ಹೋದಳು. ಹೋಗಿ ತಮ್ಮನ ಇನ್ನೊಂದು ಕಿವಿಯ ಹತ್ತಿರ ಬಾಯಿ ಇಟ್ಟು ಬೈದಳು. “ಏನೋ ಅದು, ಬಾಲ ಬರೆದಿದ್ದೀಯೋ ಒನಕೆ ಬರೆದಿದ್ದೀಯೋ? ಕಣ್ಣು ಎಲ್ಲಿಟ್ಟಿದ್ದೆ? ಕುಂಚ ಹಿಡಿಯೋ ಕೈಯೇನೋ ಅದು, ಕತ್ತೆ ಮೇಯಿಸಕ್ಕೆ ಹೋಗು ನೀನು, ನನ್ನ ಗೋಡೆ ಹಾಳುಮಾಡಬೇಡ.” ಥೇಟು ನೆಬ್ರೆ. ಗೋಡೆಯಾಚೆಯಿಂದ ದಿನಾ ಕೇಳುತ್ತಿದ್ದ ನನಗೇ ಮೈ ಜುಂ ಎಂದಿತು. ಅಪ್ಪನ ಮಣ್ಣಿನ ದಿನ ಎಂಥ ಮಾತಾಡುತ್ತಾಳೆ ಎಂದು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಅವಳು ಬೈಯುತ್ತಲೇ ಅಳುತ್ತಿದ್ದಳು, ನಿಲ್ಲಿಸಲಿಲ್ಲ.

ಇಪೂಯಿ ಪೆಟ್ಟಿಗೆ ಬಿಟ್ಟ. ಮೂಗು ಒರೆಸಿಕೊಂಡ.

“ತೆಳ್ಳಗೆ ಎಳೆಯೋದು ಕಲೀತೀನಿ,” ಎಂದ. ಅಕ್ಕನಿಗಲ್ಲ, ಪೆಟ್ಟಿಗೆಗೆ. ಆಮೇಲೆ ಗಂಡಸರು ಹಗ್ಗ ಸಡಿಲಿಸುತ್ತ ನೆಬ್ರೆಯನ್ನು ಕೆಳಗಿಳಿಸಿದರು.